ಹಲ್ಲು ನುಂಗಿದ ಕನಸಿಗೆ ಆಧಾರ ಬೇಕು

ನನ್ನ ಕೈಬರಹ ಚೆನ್ನಾಗಿಲ್ಲ. ಓದುವವರು ದಯವಿಟ್ಟು ಕ್ಷಮಿಸಬೇಕು. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ನನ್ನ ಸಾಲುಗಳು ಬಲಗಡೆಗೆ ಹೋಗುತ್ತಾ ಕೆಳಕ್ಕೆ ಜಾರುತ್ತವೆ. ಪದಗಳೂ ನನ್ನ ಬಳಿ ಕಡಿಮೆ, ಶಾಲೆಯನ್ನು ಮಧ್ಯದಲ್ಲೇ ಬಿಟ್ಟವಳು ನಾನು. ವಾಚನಾಲಯದ ಮೇಡಂ ಗೋಡೆಪತ್ರಿಕೆಗಾಗಿ "ನಿನಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಬರಿ" ಎಂದು ಹೇಳಿದ್ದರಿಂದ ಬರೆಯುತ್ತಿದ್ದೇನೆ. ತಪ್ಪುಗಳನ್ನು ರಬ್ಬರಿನಿಂದ ಅಳಿಸಿದ ಕಡೆ ಹಾಳೆ ತೆಳುವಾಗಿದೆ, ಅಲ್ಲಿ ಬೆರಳಿಟ್ಟು ಓದಬೇಡಿ.

ನಾನು ಬರೆಯುವುದು ದೊಡ್ಡಮ್ಮನ ಬಗ್ಗೆ, ಅಂದರೆ ನನ್ನ ಅಮ್ಮನ ಅಕ್ಕನ ಬಗ್ಗೆ. ಅವರ ಒಪ್ಪಿಗೆ ಕೇಳಿದೆ. "ಬರಿ, ಬರಿ. ಆದ್ರೆ ನಾನು ಸತ್ತುಹೋದೆ ಅನ್ನೋ ಥರ ಹೊಗಳಬೇಡ," ಎಂದರು.

ದೊಡ್ಡಮ್ಮ ಹಲ್ಲಿನ ಸೆಟ್ ಕಟ್ಟುತ್ತಾರೆ. ಮನೆಯ ಕೆಳಗಿನ ಕೋಣೆಯೇ ಅವರ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಅವರ ಕೈಕೆಳಗೆ ಕೆಲಸ ಮಾಡುತ್ತೇನೆ. ಒಳಗೆ ಕಾಲಿಟ್ಟರೆ ಮೊದಲು ಬಿಸಿ ಮೇಣದ ವಾಸನೆ ಬರುತ್ತದೆ. ಗೋಡೆಯ ಉದ್ದಕ್ಕೂ ಇರುವ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿವೆ. ಹೊಸಬರು ಹೆದರುತ್ತಾರೆ. ನನಗೆ ಹೆದರಿಕೆಯಿಲ್ಲ. ಅಷ್ಟೊಂದು ಬಾಯಿಗಳಲ್ಲಿ ಒಂದೂ ನನ್ನನ್ನು ಪ್ರಶ್ನೆ ಕೇಳುವುದಿಲ್ಲ.

ರಸ್ತೆಯಲ್ಲಿ ಯಾರಾದರೂ ನಕ್ಕು ಮಾತನಾಡಿಸಿದರೆ ದೊಡ್ಡಮ್ಮ ಅವರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಅವರು ಅತ್ತ ಹೋದ ಮೇಲೆ ನನಗೆ ಹೇಳುತ್ತಾರೆ: "ಮೇಲಿನ ಸೆಟ್ ನಮ್ದು. ಕೆಳಗಿಂದು ಯಾವನೋ ಬಡಗಿ ಮಾಡಿದ್ದು." ಒಮ್ಮೆ ಶವಯಾತ್ರೆಯೊಂದಕ್ಕೆ ದಾರಿ ಬಿಟ್ಟು ನಿಂತಾಗಲೂ ಹೀಗೇ ಇಣುಕಿ ನೋಡಿ, "ಛೆ, ಇನ್ನೂ ಹೊಸದಾಗೇ ಇತ್ತು," ಎಂದು ನೊಂದುಕೊಂಡರು. ಯಾವುದು ಹೊಸದಾಗಿತ್ತು ಎಂದು ನಾನು ಕೇಳಲಿಲ್ಲ.

ಅವರ ಕೆಲಸದ ಒಂದು ಕ್ರಮವನ್ನು ಇಲ್ಲೇ ಹೇಳಿಬಿಡಬೇಕು. ಸೆಟ್ಟನ್ನು ಗಟ್ಟಿ ಮಾಡುವ ಮೊದಲು ಹಲ್ಲುಗಳನ್ನು ಮೇಣದಲ್ಲಿ ಕೂರಿಸಿ ಗಿರಾಕಿಯ ಬಾಯಿಗೆ ಹಾಕಿ ನೋಡುತ್ತಾರೆ. ಮಾತನಾಡುವಾಗ ಹಲ್ಲು ಎಲ್ಲಿ ತಾಗುತ್ತದೆ, ನಾಲಿಗೆ ಎಲ್ಲಿ ತಡೆಯುತ್ತದೆ ಎಂದು ತಿಳಿಯಬೇಕಲ್ಲ. ಅದಕ್ಕೆ ದೊಡ್ಡಮ್ಮ, "ಬಾಯಿಗೆ ಬಂದದ್ದು ಮಾತಾಡ್ತಾ ಇರಿ, ನಿಲ್ಲಿಸ್ಬೇಡಿ," ಎನ್ನುತ್ತಾರೆ. ಗಿರಾಕಿ ಮೊದಲು ಹವೆಯ ಬಗ್ಗೆ ಮಾತನಾಡುತ್ತಾರೆ. ಹವೆ ಮುಗಿದ ಮೇಲೆ ಸೊಸೆ, ಸೊಸೆ ಮುಗಿದ ಮೇಲೆ ಸತ್ತ ಅಣ್ಣ. ಕೊನೆಗೆ ಕನಸು. ಹಲ್ಲು ಕಳೆದುಕೊಂಡವರು ಹಲ್ಲಿನ ಕನಸನ್ನೇ ಹೆಚ್ಚಾಗಿ ಕಾಣುತ್ತಾರೆ. ದೊಡ್ಡಮ್ಮ ಹೂಂಗುಟ್ಟುತ್ತಾ ಮೇಣ ಕೆರೆಯುತ್ತಾರೆ.

ಹೀಗೆ ಒಮ್ಮೆ ಆ ಕುರ್ಚಿಯಲ್ಲಿ ಕೂತಿದ್ದವರು ನಿವೃತ್ತರಾದ ಒಬ್ಬ ಮನಸ್ಸಿನ ಡಾಕ್ಟರು. ಅವರು ತಮ್ಮ ಕನಸು ಹೇಳಿ ಮುಗಿಸಿ, ತಾವೇ ಬೆಚ್ಚಿಬಿದ್ದವರಂತೆ, "ಅಮ್ಮಾ, ಇದೇ ಕೆಲಸಕ್ಕೆ ನಾವು ಜನರನ್ನ ಮಂಚದ ಮೇಲೆ ಮಲಗಿಸ್ತಾ ಇದ್ವಿ," ಎಂದರು.

"ಮಲಗಿದ್ರೆ ಕೆಳದವಡೆ ಹಿಂದಕ್ಕೆ ಹೋಗುತ್ತೆ ಸಾರ್, ಅಳತೆ ಸಿಗಲ್ಲ," ಎಂದರು ದೊಡ್ಡಮ್ಮ.

ಹೋಗುವಾಗ ಆ ಡಾಕ್ಟರು ಒಂದು ವಿಶ್ವಕೋಶದ ವಿಷಯ ಹೇಳಿಹೋದರು. ಅದು ಅಂತರ್ಜಾಲದಲ್ಲಿದೆ, ಮನೋವಿಶ್ಲೇಷಣೆಗೆ ಮಾತ್ರ ಮೀಸಲು. ಮನಸ್ಸು ತನ್ನಿಂದಲೇ ಕೆಲವು ಸಂಗತಿಗಳನ್ನು ಬಚ್ಚಿಡುತ್ತದೆ, ಅವು ಕನಸಿನಲ್ಲೋ ಬಾಯಿತಪ್ಪಿನಲ್ಲೋ ಹೊರಗೆ ಬರುತ್ತವೆ ಎನ್ನುವ ಶಾಸ್ತ್ರ ಅದು. ಈ ಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಯಾರಿಗೂ ಸಂಬಳವಿಲ್ಲ. ದೊಡ್ಡಮ್ಮನ ಕೈ ಯಾವಾಗಲೂ ಪ್ಲಾಸ್ಟರಿನಲ್ಲೋ ಮೇಣದಲ್ಲೋ ಇರುವುದರಿಂದ ಅವರು ಹೇಳುತ್ತಾರೆ, ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತೇನೆ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಎಂದರೆ ನನಗೆ ವಾಂತಿ ಬರುತ್ತಿತ್ತು. ಇಲ್ಲಿ ಉತ್ತರ ಹೇಳುವವರು ಬೇರೆ, ನಾನು ಬರೀ ಬೆರಳು. ನನಗೆ ಒಪ್ಪಿಗೆಯಾಯಿತು.

ನಾವು ಮೊದಲು ತೆರೆದದ್ದು 'ಹಲ್ಲು ಬೀಳುವ ಕನಸು' ಎಂಬ ಪುಟ. ಆ ಕನಸಿನ ಅರ್ಥವೇನೆಂದು ಅಲ್ಲಿ ಬರೆದಿದ್ದನ್ನು ನಾನು ಗಟ್ಟಿಯಾಗಿ ಓದಲಾರದೆ ನಿಲ್ಲಿಸಿದೆ. ಗೋಡೆಪತ್ರಿಕೆಯನ್ನು ಚಿಕ್ಕ ಮಕ್ಕಳೂ ಓದುವುದರಿಂದ ಇಲ್ಲಿಯೂ ಬರೆಯುವುದಿಲ್ಲ. ದೊಡ್ಡಮ್ಮ ನನ್ನ ಭುಜದ ಮೇಲಿಂದ ತಾವೇ ಓದಿಕೊಂಡು, "ಹೌದಾ! ಹಾಗಾದ್ರೆ ಮೊನ್ನೆ ಇದೇ ಕನಸು ಹೇಳಿದ ನಮ್ಮ ಪೋಸ್ಟ್‌ಮಾಸ್ಟರು…" ಎಂದು ಕಣ್ಣರಳಿಸಿದರು. ಆಮೇಲೆ, "ಏ, ಇಲ್ಲಪ್ಪ. ಆ ಮನುಷ್ಯನಿಗೆ ವಸಡು ಕೊಳೆತಿತ್ತು, ಅಷ್ಟೆ," ಎಂದರು.

ಅಂದಿನಿಂದ ಆ ಪುಟ ದೊಡ್ಡಮ್ಮನದಾಯಿತು. ಶಾಸ್ತ್ರ ಹುಟ್ಟುಹಾಕಿದವರನ್ನು ಅವರು ಕರೆಯುವುದು 'ಗಡ್ಡದಜ್ಜ' ಎಂದು. ಆ ಅಜ್ಜನಿಗೆ ಮೇಲ್ದವಡೆಯ ಶಸ್ತ್ರಚಿಕಿತ್ಸೆಯಾಗಿತ್ತು, ಬಾಯಿಗೆ ಹಾಕಿದ ಕೃತಕ ಅಂಗುಳ ಸರಿಯಾಗಿ ಕೂರದೆ ಕೊನೆಯವರೆಗೂ ನೋಯಿಸುತ್ತಿತ್ತು ಎಂದು ಕೋಶದಲ್ಲಿ ಓದಿದ ದಿನ ದೊಡ್ಡಮ್ಮನಿಗೆ ಇಡೀ ಶಾಸ್ತ್ರ ಅರ್ಥವಾಗಿಹೋಯಿತಂತೆ. "ಬಾಯೊಳಗೆ ಚುಚ್ತಾ ಇದ್ರೆ ಯಾರಿಗಮ್ಮ ಲೋಕ ಚೆನ್ನಾಗಿ ಕಾಣುತ್ತೆ? ಯಾರಾದ್ರೂ ಒಬ್ರು ಆ ಅಂಚು ಸ್ವಲ್ಪ ಉಜ್ಜಿಕೊಟ್ಟಿದ್ರೆ ಮನುಷ್ಯಕುಲದ ಬಗ್ಗೆ ಇಷ್ಟೊಂದು ಕೆಟ್ಟದಾಗಿ ಬರೀತಿರ್ಲಿಲ್ಲ." ಇದನ್ನು ಅವರು ಹೇಳಿದಂತೆಯೇ ನಾನು ಟೈಪ್ ಮಾಡಿದೆ. ಕೋಶದಲ್ಲಿ ದೊಡ್ಡ ಗಲಾಟೆಯಾಯಿತು.

ಕೋಶದ ಗಲಾಟೆ ಬೇರೆ ಕಡೆಯ ಗಲಾಟೆಯಂತಲ್ಲ. ಪ್ರತಿ ಪುಟದ ಹಿಂದೆ ಒಂದು ಚರ್ಚಾಪುಟವಿರುತ್ತದೆ, ಬರೆಯುವವರು ಜಗಳವಾಡುವುದು ಅಲ್ಲಿ. ಒಬ್ಬರು ಬರೆದ ಸಾಲನ್ನು ಇನ್ನೊಬ್ಬರು ತೆಗೆದುಹಾಕಬೇಕಾದರೆ, ಅದನ್ನು ತೆಗೆಯಬೇಕೆಂದು ತಮಗೆ ಏಕೆ ಅನ್ನಿಸಿತು, ತಮ್ಮೊಳಗೆ ಯಾವುದು ಕದಡಿತು ಎಂದು ಮೊದಲು ಅಲ್ಲಿ ವಿವರಿಸಬೇಕು. ಇದು ಆ ಕೋಶದವರದೇ ನಿಯಮ. ವಿವರಿಸಿದರೆ ಉಳಿದವರು ಆ ವಿವರಣೆಗೆ ಅರ್ಥ ಹೇಳುತ್ತಾರೆ. ಒಬ್ಬರು ಒಂದು ಅಲ್ಪವಿರಾಮ ತೆಗೆಯಲು ಹೋಗಿ ಕೊನೆಗೆ ತಮ್ಮ ತಂದೆಯ ಬಗ್ಗೆ ಬರೆದುಕೊಂಡು ಅತ್ತಿದ್ದನ್ನು ನಾನೇ ಓದಿದ್ದೇನೆ. ಅಲ್ಪವಿರಾಮ ಇನ್ನೂ ಅಲ್ಲೇ ಇದೆ. ಹಾಗಾಗಿ ಆ ಕೋಶಕ್ಕೆ ಸೇರಿಸುವುದು ಸುಲಭ, ಅದರಿಂದ ತೆಗೆಯಲು ಯಾರಿಗೂ ಧೈರ್ಯವಿಲ್ಲ. ತೆಗೆಯುವ ಬದಲು ಸಾಲಿನ ತುದಿಗೆ 'ಆಧಾರ ಬೇಕು' ಎಂದು ಸಣ್ಣ ಅಕ್ಷರದಲ್ಲಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ.

ಹಾಗೆ ಅಂಟಿಸುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಗೂಬೆಯ ಚಿತ್ರ ಹಾಕಿಕೊಂಡ ಒಬ್ಬ ಹಿರಿಯ ಸಂಪಾದಕರು. ಗಂಡೋ ಹೆಣ್ಣೋ, ಯಾವ ಊರೋ ನಮಗೆ ತಿಳಿಯದು. ನಮ್ಮ ಮನೆಯಲ್ಲಿ ಅವರ ಹೆಸರು ಗೂಬೆ ಎಂದೇ.

ಈಗ ಅಜ್ಜಿಯ ವಿಷಯ. ಅಜ್ಜಿ ಎಂದರೆ ದೊಡ್ಡಮ್ಮನ ತಾಯಿ, ಮಹಡಿಯ ಮೇಲೆ ದೊಡ್ಡಮ್ಮನ ಜೊತೆಯಲ್ಲೇ ಇರುತ್ತಾರೆ. ಅಜ್ಜಿಯ ಹಲ್ಲೆಲ್ಲ ಹೋದ ಮೇಲೆ ದೊಡ್ಡಮ್ಮ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅವರಿಗೆ ಸೆಟ್ ಕಟ್ಟಿದರು. ಅಂಥ ಸೆಟ್ ಇನ್ನೊಂದಿಲ್ಲ. ಬಿಳುಪು ಎಂದರೆ ಬಿಳುಪು, ಒಂದು ಹಲ್ಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬಂದ ಗಿರಾಕಿಗಳಿಗೆಲ್ಲ ದೊಡ್ಡಮ್ಮ ಮಹಡಿಯ ಕಡೆಗೆ ಕೂಗುತ್ತಿದ್ದರು: "ಅಮ್ಮಾ, ಒಂದ್ಸಲ ಕೆಳಗೆ ಬಂದು ನಕ್ಕು ಹೋಗು!"

ಅಜ್ಜಿ ಬಂದು ನಕ್ಕು ಹೋಗುತ್ತಿದ್ದರು. ಆದರೆ ಬೆಳಿಗ್ಗೆ ಎದ್ದರೆ ಒಂದೇ ದೂರು.

"ಮತ್ತೆ ಸೆಟ್ ನುಂಗ್ಬಿಟ್ಟೆ ಕಣೇ, ಕನಸಲ್ಲಿ."

"ನೋಡು, ಲೋಟದಲ್ಲೇ ಇದೆ."

"ಇರುತ್ತೆ. ಕನಸಲ್ಲಿ ಗಂಟಲಿಗೆ ಇಳೀತು. ಕಚ್ಕೊಂಡೇ ಇಳೀತು."

ಒಂದು ದಿನ ಈ ಮಾತು ಬೆಳಗಿನ ಚಹಾಕ್ಕೂ ಮಧ್ಯಾಹ್ನದ ಊಟಕ್ಕೂ ಬಂತು. ದೊಡ್ಡಮ್ಮ ತಲೆಕೆಟ್ಟು ಕೆಳಗಿಳಿದು ಬಂದವರೇ, "ಪುಟ್ಟಿ, ಬರ್ಕೋ," ಎಂದರು. ನಾನು ಬರೆದುಕೊಂಡೆ. 'ಕಟ್ಟಿಸಿದ ಹಲ್ಲನ್ನು ನುಂಗಿದಂತೆ ಕನಸು ಕಾಣುವವರಿಗೆ ಆ ಹಲ್ಲು ಕಟ್ಟಿದವರ ಮೇಲೆ ಹೇಳಿಕೊಳ್ಳಲಾಗದ ಸಿಟ್ಟು ಇರುತ್ತದೆ.'

"ಇದು ಯಾರು ಹೇಳಿದ್ದು ದೊಡ್ಡಮ್ಮ?"

"ನಾನೇ. ಗಡ್ಡದಜ್ಜನಿಗೆ ಮಾತ್ರ ಬಾಯಿ ಇದೆಯಾ?"

ಗೂಬೆ ಬಂದು 'ಆಧಾರ ಬೇಕು' ಎಂದು ಅಂಟಿಸಿಹೋಯಿತು. ನಾವು ಆ ಸಾಲನ್ನು ಮರೆತೆವು.

ಬಹಳ ಕಾಲದ ಮೇಲೆ ದೊಡ್ಡಮ್ಮನ ಮಗ, ನನ್ನ ಅಣ್ಣ, ಕಾಲೇಜಿನಿಂದ ಒಂದು ಪುಸ್ತಕ ತಂದ. ಅವನು ಮನಶ್ಶಾಸ್ತ್ರ ಓದುತ್ತಿದ್ದಾನೆ. ಎಲ್ಲದಕ್ಕೂ ಅರ್ಥ ಹೇಳುವುದರಿಂದ ಮನೆಯಲ್ಲಿ ಅವನನ್ನು ಪ್ರೊಫೆಸರ್ ಎನ್ನುತ್ತಾರೆ. ಊಟದ ಮೇಜಿನಲ್ಲಿ ಅವನು, "ಅಜ್ಜಿ, ನಿಮ್ಮ ಕನಸು ಈ ಪುಸ್ತಕದಲ್ಲಿದೆ, ಕೇಳಿ," ಎಂದು ಓದಿದ. ಅದೇ ಸಾಲು, ಒಂದಕ್ಷರ ಬದಲಾಗಿರಲಿಲ್ಲ. ಬರೆದವರು ದೊಡ್ಡ ಡಾಕ್ಟರಂತೆ, ಹೆಸರಿನ ಹಿಂದೆ ಮುಂದೆ ಪದವಿಗಳಿದ್ದವು. ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ತಟ್ಟೆ ನೋಡಿದೆ.

ಅಜ್ಜಿ ಊಟ ನಿಲ್ಲಿಸಿದರು. ಸೆಟ್ಟನ್ನು ಬಾಯಿಂದ ತೆಗೆದು, ತೊಳೆದು, ಕರವಸ್ತ್ರದಲ್ಲಿ ಸುತ್ತಿ, ದೊಡ್ಡಮ್ಮನ ಮುಂದೆ ಇಟ್ಟರು.

"ತಗೋ."

"ಏನಾಯ್ತು ಅಮ್ಮ? ಚುಚ್ತಾ?"

"ಮಗಳ ಮೇಲೆ ಸಿಟ್ಟು ಇಟ್ಕೊಂಡು ಮಗಳು ಕಟ್ಟಿದ ಹಲ್ಲಲ್ಲಿ ತಿನ್ನೋಳು ಎಂಥ ತಾಯಿ? ನಂಗೆ ಬೇಡ."

"ಅಯ್ಯೋ, ಆ ಸಾಲು ಕಂಪ್ಯೂಟರಲ್ಲಿ ಬರೆಸಿದ್ದು ನಾನೇ ಅಮ್ಮ! ತಮಾಷೆಗೆ!"

"ನೀನು ತಮಾಷೆ ಮಾಡ್ತೀಯ, ಪುಸ್ತಕ ತಮಾಷೆ ಮಾಡುತ್ತಾ? ಡಾಕ್ಟರು ಬರೆದಿದ್ದಾರೆ."

"ಡಾಕ್ಟರು ನನ್ನನ್ನ ನೋಡಿ ಕಾಪಿ ಹೊಡೆದಿದ್ದಾರೆ!"

"ಹೌದೌದು," ಎಂದರು ಅಜ್ಜಿ. "ಡಾಕ್ಟ್ರು ಹಲ್ಲಿನಂಗಡಿಗೆ ಬಂದು ಕಾಪಿ ಹೊಡೀತಾರೆ. ನೀನೇ ಬರೆಸಿದ್ರೆ ಕಂಪ್ಯೂಟರಲ್ಲಿರೋದನ್ನ ಅಳಿಸಿ ತೋರಿಸು. ಅವತ್ತು ಹಾಕ್ಕೋತೀನಿ."

ಅಂದಿನಿಂದ ಅಜ್ಜಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಮತ್ತು ಹಿಸುಕಿದ ಬಾಳೆಹಣ್ಣಿಗೆ ಇಳಿದರು. ಹೊಸ ಸೆಟ್ ಬೇಡ, ಬೇರೆಯವರು ಕಟ್ಟಿದ ಸೆಟ್ಟೂ ಬೇಡ. ಕುಪ್ಪಸದ ತೋಳು ಸಡಿಲವಾಗುತ್ತಾ ಬಂತು. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂರತೊಡಗಿದರು. ಬೀದಿಯ ಡಾಕ್ಟರು ಬಂದು ನಾಡಿ ನೋಡಿ, "ಹೀಗೇ ಬಿಟ್ರೆ ಮಲಗಿಬಿಡ್ತಾರೆ. ಗಟ್ಟಿ ಆಹಾರ ಅಗಿದು ತಿನ್ನಲೇಬೇಕು," ಎಂದರು. ದೊಡ್ಡಮ್ಮ ಊರಿಗೆಲ್ಲ ಹಲ್ಲು ಕಟ್ಟಿದವರು, ಅವರ ತಾಯಿಯೇ ಬೋಳುಬಾಯಲ್ಲಿ ಸೊರಗುತ್ತಿದ್ದರು.

ದೊಡ್ಡಮ್ಮ ಚರ್ಚಾಪುಟಕ್ಕೆ ಇಳಿದರು. ಅಷ್ಟರಲ್ಲಿ ಅಲ್ಲಿ ಇನ್ನೊಂದು ಕೆಲಸವಾಗಿತ್ತು. ಯಾರೋ 'ಆಧಾರ ಬೇಕು' ಎಂಬ ಚೀಟಿ ಕಿತ್ತು, ಆ ಡಾಕ್ಟರ ಪುಸ್ತಕವನ್ನೇ ಆಧಾರವಾಗಿ ಕೊಟ್ಟಿದ್ದರು. ಡಾಕ್ಟರು ಕೋಶವನ್ನು ನೋಡಿ ಬರೆದದ್ದು, ಕೋಶ ಡಾಕ್ಟರನ್ನು ನೋಡಿ ನಂಬಿದ್ದು. ದೊಡ್ಡಮ್ಮ ಹೇಳಿದರು, ನಾನು ಟೈಪ್ ಮಾಡಿದೆ: ಈ ಸಾಲನ್ನು ನಾನೇ ಕಟ್ಟಿದ್ದು, ಸುಳ್ಳು, ದಯವಿಟ್ಟು ತೆಗೆಯಿರಿ.

ಗೂಬೆಯ ಉತ್ತರ ಬಂತು: 'ತೆಗೆಯಬೇಕೆಂದು ನಿಮಗೆ ಈಗಲೇ ಏಕೆ ಅನ್ನಿಸಿತು?'

"ನಮ್ಮಮ್ಮ ಊಟ ಬಿಟ್ಟಿದ್ದಾಳೆ, ಅದಕ್ಕೆ ಅಂತ ಹಾಕು!"

ಹಾಕಿದೆ. ಗೂಬೆ ಬರೆಯಿತು: 'ಆಸಕ್ತಿಕರ. ಸಾಲು ಸುಳ್ಳೆಂದು ನೀವು ಹೇಳುತ್ತೀರಿ. ನಿಮ್ಮ ಹೇಳಿಕೆಗೆ ಅಚ್ಚಾದ ಆಧಾರ ಬೇಕು.'

"ಸುಳ್ಳು ಹೇಳಿದ್ದಕ್ಕೆ ಆಧಾರ ಬೇಕಿಲ್ಲ, ಸುಳ್ಳು ಅಂತ ಒಪ್ಕೊಳ್ಳೋಕೆ ಬೇಕಾ!" ಎಂದು ದೊಡ್ಡಮ್ಮ ಮೇಣದ ಚಾಕುವನ್ನು ಮೇಜಿಗೆ ಕುಟ್ಟಿದರು. ಇನ್ನೊಬ್ಬ ಸಂಪಾದಕರು ಬಂದು, ಇಷ್ಟು ಬಲವಾಗಿ ನಿರಾಕರಿಸುವುದೇ ಸಾಲು ನಿಜವೆಂಬುದರ ಗುರುತು, ಇದಕ್ಕೆ ಪ್ರತಿರೋಧ ಎಂದು ಹೆಸರು ಎಂದರು. ಮತ್ತೊಬ್ಬರು ಅದನ್ನು ಒಪ್ಪಿ ಒಂದು ಹೂವಿನ ಚಿತ್ರ ಹಾಕಿದರು.

ದೊಡ್ಡಮ್ಮ ಪುಸ್ತಕದ ಡಾಕ್ಟರಿಗೇ ಮಿಂಚಂಚೆ ಬರೆಸಿದರು. ಅವರು ಬಹಳ ಮರ್ಯಾದೆಯಿಂದ ಉತ್ತರಿಸಿದರು. ಸಾಲು ಎಲ್ಲಿಂದ ಬಂತೆಂದು ಅವರಿಗೆ ನೆನಪಿಲ್ಲ, ಆದರೆ ತಮ್ಮ ರೋಗಿಗಳ ವಿಷಯದಲ್ಲಿ ಅದು ನಿಜವೆಂದು ಕಂಡುಬಂದಿದೆ. ಮುಂದಿನ ಮುದ್ರಣದಲ್ಲಿ ಅದಕ್ಕೆ ಒಂದು ಇಡೀ ಅಧ್ಯಾಯ ಕೊಡುವವರಿದ್ದಾರೆ, ದೊಡ್ಡಮ್ಮನ ಬಳಿ ಇಂಥ ಕನಸುಗಳು ಇನ್ನೂ ಇದ್ದರೆ ಕಳುಹಿಸಬೇಕಂತೆ.

"ಇವರ ಹಲ್ಲು ಬೀಳೋ ಕಾಲಕ್ಕೆ ನಾನು ಬದುಕಿರ್ಬೇಕು ದೇವರೇ," ಎಂದರು ದೊಡ್ಡಮ್ಮ.

ಅಷ್ಟಕ್ಕೂ ಬಿಡದೆ ಒಂದು ದಿನ ದೊಡ್ಡಮ್ಮ ನಿಯಮವನ್ನೆಲ್ಲ ಗಾಳಿಗೆ ತೂರಿ ನನ್ನ ಕೈಯಿಂದ ಸಾಲನ್ನು ಅಳಿಸಿಹಾಕಿಸಿದರು. ಅಜ್ಜಿಯನ್ನು ಕರೆದು ತೋರಿಸೋಣವೆಂದು ನಾನು ಮಹಡಿ ಹತ್ತಿ, ಅವರ ಕೈಹಿಡಿದು ಇಳಿಸಿಕೊಂಡು ಬರುವಷ್ಟರಲ್ಲಿ ಗೂಬೆ ಅದನ್ನು ವಾಪಸು ಹಾಕಿತ್ತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಬೆರಳಿಂದ ತೋರಿಸಿ, "ಇಲ್ಲೇ ಇದೆಯಲ್ಲೇ," ಎಂದು ತಿರುಗಿ ಮೆಟ್ಟಿಲು ಹತ್ತಿದರು. ದೊಡ್ಡಮ್ಮ ಅಳುತ್ತಾರೋ ಬೈಯುತ್ತಾರೋ ನನಗೆ ತಿಳಿಯಲಿಲ್ಲ. ಅವರು ಎರಡನ್ನೂ ಮಾಡಲಿಲ್ಲ. ಪ್ಲಾಸ್ಟರ್ ಕಲಸತೊಡಗಿದರು, ಯಾರ ಅಳತೆಯೂ ಇಲ್ಲದೆ, ಸುಮ್ಮನೆ.

ಆಗ ಪರದೆಯ ಮೇಲೆ ಗೂಬೆಯ ಇನ್ನೊಂದು ಸಾಲು ಬಂತು. ದೊಡ್ಡಮ್ಮ ಅದನ್ನು ನೋಡಲಿಲ್ಲ. ಓದದೆ ಬಿಟ್ಟರೆ ಅದು ನನ್ನೊಳಗೇ ಉಳಿದುಬಿಡುತ್ತಿತ್ತು, ಆದ್ದರಿಂದ ಗಟ್ಟಿಯಾಗಿ ಓದಿದೆ: 'ನೀವು ನಮ್ಮನ್ನೆಲ್ಲ ಕೇಳುತ್ತಿದ್ದೀರಿ. ಕನಸು ಕಂಡವರನ್ನು ಯಾರಾದರೂ ಕೇಳಿದಿರಾ?'

"ಗೂಬೆ!" ಎಂದರು ದೊಡ್ಡಮ್ಮ, ಹಳೆಯ ಅಭ್ಯಾಸದಿಂದ. ಆಮೇಲೆ ಕೈಯಲ್ಲಿದ್ದ ಪ್ಲಾಸ್ಟರ್ ಬಟ್ಟಲಲ್ಲೇ ಗಟ್ಟಿಯಾಗುವವರೆಗೆ ಸುಮ್ಮನೆ ನಿಂತರು. ಬಟ್ಟಲು ಇನ್ನು ಉಪಯೋಗಕ್ಕೆ ಬರುವುದಿಲ್ಲ.

ಮರುದಿನ ಅವರು ಅಜ್ಜಿಯನ್ನು ಗಿರಾಕಿಗಳ ಕುರ್ಚಿಯಲ್ಲಿ ಕೂರಿಸಿದರು. ನಾನು ಹೊರಗೆ ಹೋಗಲೇ ಎಂದು ಕೇಳಿದ್ದಕ್ಕೆ ಅಜ್ಜಿ, "ಕೂತ್ಕೋ, ನೀನು ಮಾತಾಡೋಳಲ್ಲ," ಎಂದರು.

"ಅಮ್ಮ, ಬಾಯಿಗೆ ಬಂದದ್ದು ಮಾತಾಡು. ನಿಲ್ಲಿಸ್ಬೇಡ," ಎಂದರು ದೊಡ್ಡಮ್ಮ.

"ಹಲ್ಲಿಲ್ಲದೆ ಏನು ಮಾತಾಡ್ಲಿ?"

"ಹಲ್ಲಿಲ್ಲದೇ ಇಷ್ಟು ದಿನ ನನ್ನನ್ನ ಬೈದಿಲ್ವಾ? ಅದನ್ನೇ ಮುಂದುವರಿಸು."

ಅಜ್ಜಿ ಮೊದಲು ಹವೆಯ ಬಗ್ಗೆ ಮಾತನಾಡಿದರು. ಆಮೇಲೆ ಬ್ರೆಡ್ಡನ್ನು ಬೈದರು, ಸೊಸೆಯಿಲ್ಲದ್ದರಿಂದ ಪ್ರೊಫೆಸರನ್ನು ಬೈದರು. ಆಮೇಲೆ ಹೇಳಿದರು:

"ನನ್ನ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿ ಕೂತಿತ್ತು. ನಿಂಗೆ ಮರೆತೇ ಹೋಗಿದೆ."

"ಮರೆತಿಲ್ಲ. ಅದಕ್ಕೇ ನೆಟ್ಟಗೆ ಮಾಡಿಕೊಟ್ಟೆ."

"ನೆಟ್ಟಗೆ ಮಾಡು ಅಂತ ಯಾರು ಹೇಳಿದ್ರು? ಬಂದವರಿಗೆಲ್ಲ ಹಳೇ ಫೋಟೋ ತನ್ನಿ ಅಂತೀಯ. ಬಣ್ಣದ ಪಟ್ಟಿ ಹಿಡಿದು ಇದು ಬೇಕಾ ಅದು ಬೇಕಾ ಅಂತೀಯ. ನಂಗೆ 'ಆ ಅನ್ನು' ಅಂದೆ, ಅಷ್ಟೆ. ಈಗ ಕನ್ನಡಿ ಮುಂದೆ ನಕ್ಕರೆ ಟೀವಿಯಲ್ಲಿ ವಾರ್ತೆ ಓದೋಳು ನಗ್ತಾಳೆ. ನಾನೆಲ್ಲಿ ಹೋದೆ ಅಂತ ಹುಡುಕ್ತೀನಿ. ಮೇಲಿಂದ ಊರವರಿಗೆಲ್ಲ ನಕ್ಕು ತೋರಿಸು ಅಂತ ಕರೀತೀಯ. ಅಂಗಡಿ ಬೋರ್ಡಾ ನಾನು?"

ದೊಡ್ಡಮ್ಮನ ಬಾಯಿ ತೆರೆದೇ ಇತ್ತು. ಹಲಗೆಯ ಮೇಲಿನ ದವಡೆಗಳಿಗಿಂತ ಹೆಚ್ಚೇನೂ ಬೇರೆಯಾಗಿ ಕಾಣುತ್ತಿರಲಿಲ್ಲ.

"ಅಲ್ಲಮ್ಮ… ಆವಾಗಲೇ ಹೇಳ್ಬಾರ್ದಿತ್ತಾ?"

"ಹೆಂಗೆ ಹೇಳ್ಲಿ? ಊಟ ನಿದ್ದೆ ಬಿಟ್ಟು ಕಟ್ಟಿದ್ದೆ ನೀನು. ಚೆನ್ನಾಗಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನುಂಗ್ಕೊಂಡೆ."

ಇದನ್ನು ಹೇಳಿ ಅಜ್ಜಿ ತಾವೇ ಒಂದು ಕ್ಷಣ ಯೋಚಿಸಿ, "ಆ ಪುಸ್ತಕದ ಡಾಕ್ಟ್ರು ಬುದ್ಧಿವಂತ ಬಿಡು," ಎಂದರು.

ದೊಡ್ಡಮ್ಮ ಎದ್ದು, ಹಲ್ಲುಗಳ ಪೆಟ್ಟಿಗೆಯ ಅಡಿಯಲ್ಲಿ, ಯಾರೂ ಕೇಳದ ಹಳದಿ ಬಣ್ಣದವು ಇರುವ ಖಾನೆಯನ್ನು ಎಳೆದರು. ಅಜ್ಜಿಯ ಮದುವೆಯ ಫೋಟೋ ತರಲು ನನ್ನನ್ನು ಮೇಲೆ ಕಳುಹಿಸಿದರು. ಅದರಲ್ಲಿ ಅಜ್ಜಿ ಬಾಯಿ ಮುಚ್ಚಿಕೊಂಡಿದ್ದರು, ಉಪಯೋಗವಾಗಲಿಲ್ಲ. ಅಜ್ಜಿ ತಮ್ಮ ಎರಡು ತೋರುಬೆರಳುಗಳನ್ನು ಒಂದರ ಮೇಲೊಂದು ಇಟ್ಟು, "ಹೀಗೆ. ಇನ್ನೂ ಸ್ವಲ್ಪ. ಸೊಕ್ಕಿನಿಂದ ಕೂತಿತ್ತು ಅದು," ಎಂದು ತೋರಿಸಿದರು. ಮೇಣದಲ್ಲಿ ಹಲ್ಲನ್ನು ವಕ್ರವಾಗಿ ಕೂರಿಸುವಾಗ ದೊಡ್ಡಮ್ಮನ ಮುಖ ಕಹಿ ಔಷಧಿ ಕುಡಿದವರ ಮುಖದಂತಿತ್ತು.

"ಇದನ್ನ ನಾನು ಕಟ್ಟಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡಮ್ಮ. ಅಂಗಡಿ ಮುಚ್ಚಬೇಕಾಗುತ್ತೆ."

"ಹುಟ್ಟಿದಾಗಿಂದ ಹೀಗೇ ಇದೆ ಅಂತೀನಿ."

ಮೇಣದ ಸೆಟ್ಟನ್ನು ಬಾಯಿಗೆ ಹಾಕಿ ಅಜ್ಜಿ ಕನ್ನಡಿ ನೋಡಿಕೊಂಡರು. ತುಟಿಯನ್ನು ಎತ್ತಿ ನೋಡಿದರು, ಇಳಿಸಿ ನೋಡಿದರು. ನಕ್ಕರು. ಆ ಹಲ್ಲು ಕೆಳತುಟಿಯ ಮೇಲೆ ಸ್ವಲ್ಪ ಒತ್ತಿಕೊಂಡಿತು. "ಬಂದ್ಯಾ?" ಎಂದರು ಕನ್ನಡಿಗೆ. ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಚಾಕು ಒರೆಸಿದರು.

ವಿಶ್ವಕೋಶದಲ್ಲಿ ಆ ಸಾಲು ಹಾಗೇ ಇದೆ. ಮತ್ತೆ ಅಳಿಸಲು ಪ್ರಯತ್ನಿಸೋಣವೇ ಎಂದು ಕೇಳಿದೆ. "ಬಿಡು. ಹಾಳಾದ್ದು ನಿಜ ಆಗಿ ಕೂತಿದೆ, ಈಗ ಅಳಿಸಿದ್ರೆ ಅದು ಸುಳ್ಳಾಗುತ್ತೆ," ಎಂದರು ದೊಡ್ಡಮ್ಮ. ಕನಸು ಕಂಡವರನ್ನು ಕೇಳಿದೆವು ಎಂದಷ್ಟೇ ಚರ್ಚಾಪುಟದಲ್ಲಿ ಬರೆಸಿದರು. ಗೂಬೆ 'ಹಾಗಾದರೆ?' ಎಂದು ಕೇಳಿತು. ಅದಕ್ಕೆ ದೊಡ್ಡಮ್ಮ ಹೇಳಿದ ಮಾತನ್ನು ನಾನು ಟೈಪ್ ಮಾಡಲಿಲ್ಲ. ನಾನು ಅವರ ಮಾತು ಬಿಟ್ಟದ್ದು ಅದೊಂದೇ ಸಲ.

ಅಜ್ಜಿ ಇನ್ನೂ ಹಾಲು ಬ್ರೆಡ್ಡಿನಲ್ಲೇ ಇದ್ದಾರೆ, ಏಕೆಂದರೆ ಮೇಣದಲ್ಲಿ ಅಗಿಯಲು ಬರುವುದಿಲ್ಲ. ಇವತ್ತು ಸಂಜೆ ಸೆಟ್ಟನ್ನು ಗಟ್ಟಿಯಾಗಲು ಅಚ್ಚಿನೊಳಗೆ ಇಟ್ಟಿದ್ದೇವೆ. ನಾಳೆ ಬೆಳಿಗ್ಗೆ ಪ್ಲಾಸ್ಟರ್ ಒಡೆದು ಅದನ್ನು ಹೊರಗೆ ತೆಗೆಯುತ್ತೇನೆ, ಅಂಚುಗಳನ್ನು ಉಜ್ಜಿ ನಯ ಮಾಡುತ್ತೇನೆ, ಅಜ್ಜಿಗೆ ಒಂದು ಸೇಬಿನ ಜೊತೆ ಮಹಡಿಗೆ ತೆಗೆದುಕೊಂಡು ಹೋಗುತ್ತೇನೆ.